ನೆಲಗಡಲೆ ಕೀಳುವ ಯಂತ್ರ ಗದ್ದೆಯಲ್ಲೇ ಕಾಯಿ ಬಿಡುತ್ತಿದ್ದರೆ

ಮಾರ್ಚ್ ಹೊತ್ತಿಗೆ ಕುಂದಾಪುರ, ಬೈಂದೂರು ಕಡೆಯ ಗದ್ದೆಗಳಲ್ಲಿ ನೆಲಗಡಲೆ ಕೀಳುವ ಕೆಲಸ ಶುರುವಾಯಿತೆಂದರೆ ಒಂದು ದೂರು ತಪ್ಪದೆ ಕಿವಿಗೆ ಬೀಳುತ್ತದೆ: ಯಂತ್ರ ಹಾಕಿದರೆ ಅರ್ಧ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಅರ್ಧ ಎನ್ನುವುದು ಕೋಪದ ಲೆಕ್ಕ, ಉಳಿಯುವುದು ಮಾತ್ರ ನಿಜ. ಗದ್ದೆಯವರು ಯಂತ್ರವನ್ನು ಬೈಯುತ್ತಾರೆ, ಯಂತ್ರದವರು ಮಣ್ಣನ್ನು ಬೈಯುತ್ತಾರೆ. ನಾನು ಕಂಡ ಹೆಚ್ಚಿನ ಪ್ರಸಂಗಗಳಲ್ಲಿ ಯಂತ್ರಕ್ಕೂ ಏನೂ ಆಗಿರುವುದಿಲ್ಲ, ಮಣ್ಣಿಗೂ ಏನೂ ಆಗಿರುವುದಿಲ್ಲ. ಬೇರೆ ಮಣ್ಣಿಗೆ ಹೊಂದಿಸಿದ್ದ ಯಂತ್ರವನ್ನು ಒಂದು ಬೋಲ್ಟನ್ನೂ ಮುಟ್ಟದೆ ಇಲ್ಲಿ ಇಳಿಸಿರುತ್ತಾರೆ, ಅಷ್ಟೆ.

ಚಳ್ಳಕೆರೆ ಕಡೆಯ ಕೆಂಪು ಮಣ್ಣಿನ ಹೊಲಕ್ಕೂ ನಮ್ಮ ಗದ್ದೆಗೂ ಸಂಬಂಧವೇ ಇಲ್ಲ. ಅಲ್ಲಿ ಹೆಚ್ಚಾಗಿ ಮಳೆಯಾಶ್ರಯದ ಬೆಳೆ, ಉದ್ದುದ್ದದ ಹೊಲ. ಇಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವವನ್ನು ನೆಚ್ಚಿಕೊಂಡು, ಮೇಲೊಂದಿಷ್ಟು ನೀರು ಕೊಟ್ಟು ಬೆಳೆಯುವ ಹಿಂಗಾರು ಬೆಳೆ. ಅದರಲ್ಲೂ ಒಂದೇ ಊರಿನಲ್ಲಿ ಮೂರು ಬಗೆಯ ನೆಲ. ಕಡಲಿಗೆ ಹತ್ತಿರದ ಉಪ್ಪುಂದ, ನಾವುಂದ, ಕಿರಿಮಂಜೇಶ್ವರದ ಕಡೆ ಮರಳು ಮಿಶ್ರಿತ ಸಡಿಲ ಮಣ್ಣು. ಒಳಗಿನ ಬೈಲುಗದ್ದೆಗಳಲ್ಲಿ ಅಂಟು ಮಣ್ಣು. ಗುಡ್ಡದ ಬುಡಕ್ಕೆ ಬಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಹರಳು ಬೆರೆತ ಕೆಂಪು ಮಣ್ಣು. ಬೆಳಿಗ್ಗೆ ಒಂದರಲ್ಲಿ ಚೆನ್ನಾಗಿ ಓಡಿದ ಯಂತ್ರ ಮಧ್ಯಾಹ್ನ ಇನ್ನೊಂದರಲ್ಲಿ ಹಟ ಹಿಡಿಯುವುದು ಸಹಜ.

ಇಲ್ಲಿ ಹೇಳುತ್ತಿರುವುದು ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿಗೆ ಸಿಕ್ಕಿಸುವ ಯಂತ್ರದ ಬಗ್ಗೆ. ಮುಂದೆ ಅಗಲವಾದ ಬ್ಲೇಡು, ಅದರ ಹಿಂದೆ ಪಿಟಿಒ ಶಾಫ್ಟಿನಿಂದ, ಅಂದರೆ ಟ್ರ್ಯಾಕ್ಟರಿನ ಎಂಜಿನ್ ಶಕ್ತಿಯನ್ನು ಯಂತ್ರಕ್ಕೆ ಕೊಡುವ ಹಿಂಬದಿಯ ಶಾಫ್ಟಿನಿಂದ, ತಿರುಗುವ ಸರಳಿನ ಚೈನು. ಬ್ಲೇಡು ಕಾಯಿಗಳಿಗಿಂತ ಕೆಳಗೆ ಹೋಗಿ ತಾಯಿಬೇರನ್ನು ಕತ್ತರಿಸುತ್ತದೆ. ಚೈನು ಗಿಡವನ್ನು ಎತ್ತಿ, ಅಲುಗಿಸಿ, ಮಣ್ಣು ಉದುರಿಸಿ ಹಿಂದಕ್ಕೆ ಸಾಲಾಗಿ ಹಾಕುತ್ತದೆ. ಚೈನಿಲ್ಲದ ಬರೀ ಬ್ಲೇಡಿನ ಯಂತ್ರ ನಿಮ್ಮಲ್ಲಿದ್ದರೆ ಆಳ, ಓರೆ, ಹರಿತದ ಮಾತುಗಳಷ್ಟೇ ನಿಮಗೆ ಸಾಕು.

ಮೊದಲು ಉಳಿದ ಕಾಯಿಯನ್ನು ನೋಡಿ

ಸ್ಪ್ಯಾನರ್ ಹಿಡಿಯುವ ಮೊದಲು ಇಪ್ಪತ್ತು ಮೀಟರ್ ಓಡಿಸಿ ನಿಲ್ಲಿಸಿ. ಅಡಿಕೆ ಸಲಕೆಯದ್ದೋ ಪೈಪಿನದ್ದೋ ಒಂದು ಮೀಟರ್ ಉದ್ದಗಲದ ಚೌಕಟ್ಟು ಮಾಡಿಟ್ಟುಕೊಂಡಿರಿ. ಯಂತ್ರ ಹೋದ ಜಾಡಿನಲ್ಲಿ ಅದನ್ನಿಟ್ಟು, ಗಿಡಗಳನ್ನು ಮೆಲ್ಲಗೆ ಬದಿಗೆ ಸರಿಸಿ, ಮೇಲೆ ಬಿದ್ದ ಕಾಯಿಗಳನ್ನು ಒಂದು ಕಡೆ ಹಾಕಿ. ಆಮೇಲೆ ಅದೇ ಚೌಕದ ಮಣ್ಣನ್ನು ಒಂದು ಗೇಣು ಆಳಕ್ಕೆ ಕೆದಕಿ, ಒಳಗೆ ಸಿಕ್ಕಿದ್ದನ್ನು ಇನ್ನೊಂದು ಕಡೆ ಹಾಕಿ. ಎರಡು ಗುಡ್ಡೆಯನ್ನೂ ಬೆರೆಸಬೇಡಿ. ಈ ಪರೀಕ್ಷೆಯ ಬೆಲೆ ಇರುವುದು ಆ ಬೇರ್ಪಡಿಕೆಯಲ್ಲೇ.

ಮೇಲೆ ಬಿದ್ದ ಗುಡ್ಡೆ ದೊಡ್ಡದಿದ್ದರೆ ಬ್ಲೇಡು ತನ್ನ ಕೆಲಸ ಮಾಡಿದೆ, ಕಾಯಿ ಉದುರಿದ್ದು ಚೈನಿನ ಮೇಲೆ. ಚೈನಿನ ವೇಗ, ಅಲುಗಾಟ, ಟ್ರ್ಯಾಕ್ಟರಿನ ಓಟ ಇವುಗಳನ್ನು ನೋಡಬೇಕು. ಮಣ್ಣಿನೊಳಗಿನ ಗುಡ್ಡೆ ದೊಡ್ಡದಿದ್ದರೆ ತಪ್ಪು ಬ್ಲೇಡಿನ ಸುತ್ತ ಇದೆ. ಆಗ ಆ ಕಾಯಿಗಳನ್ನು ಕೈಯಲ್ಲಿ ಹಿಡಿದು ನೋಡಿ. ಸಿಪ್ಪೆ ಕತ್ತರಿಸಿ ಎರಡು ತುಂಡಾಗಿದ್ದರೆ ಬ್ಲೇಡು ಕಾಯಿಯ ಪದರದಲ್ಲೇ ಓಡಿದೆ, ಆಳ ಸಾಲದು. ಕಾಯಿ ಇಡಿಯಾಗಿದ್ದು ಗಿಡಕ್ಕೆ ಹಿಡಿದಿಟ್ಟಿದ್ದ ತೊಟ್ಟು ಎಳೆದು ಹರಿದಂತಿದ್ದರೆ ಬ್ಲೇಡು ಮೊಂಡಾಗಿ ಬೇರನ್ನು ಕತ್ತರಿಸದೆ ದೂಡಿಕೊಂಡು ಹೋಗಿದೆ, ಇಲ್ಲವೇ ಮಣ್ಣು ಒಣಗಿ ಗಟ್ಟಿಯಾಗಿದೆ. ತೊಟ್ಟಿನ ತುದಿ ಕಪ್ಪಗೆ ಒಣಗಿ ಕಳಚಿದಂತಿದ್ದರೆ ಯಂತ್ರವನ್ನು ಬಿಟ್ಟುಬಿಡಿ. ಬೆಳೆ ಬಲಿತು ಹೊತ್ತಾಗಿದೆ.

ಮೂರನೆಯ ಸ್ಥಿತಿಯೂ ಒಂದಿದೆ: ಕಾಯಿ ಗಿಡದಲ್ಲೇ ಇದೆ, ಆದರೆ ಮುಷ್ಟಿ ಗಾತ್ರದ ಹೆಂಟೆಯೊಳಗೆ ಹುದುಗಿದೆ. ಬೈಲುಗದ್ದೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಷ್ಟದ ಅಂದಾಜಿಗೆ ಸುಲಭದ ಲೆಕ್ಕವೊಂದಿದೆ. ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಚೌಕಕ್ಕೆ ಹತ್ತು ಕಾಯಿ ಸಿಕ್ಕಿ, ಒಣಗಿದ ಕಾಯಿ ಒಂದಕ್ಕೆ ಒಂದು ಗ್ರಾಂ ಎಂದು ಹಿಡಿದರೆ ಎಕರೆಗೆ 40 ಕಿಲೋ ಮಣ್ಣುಪಾಲು. ಒಂದೇ ಚೌಕ ನೋಡಿ ತೀರ್ಮಾನಿಸಬೇಡಿ. ಗದ್ದೆಯ ನಡುವೆ, ಅಂಚಿನ ಹತ್ತಿರ, ನೀರು ಹರಿದು ಬರುವ ಬದಿಯಲ್ಲಿ ಬೇರೆ ಬೇರೆಯಾಗಿ ನೋಡಿ. ಯಂತ್ರದ ಬೆನ್ನಿಗೇ ನವಿಲುಗಳ ಹಿಂಡು ಇಳಿದು ಹೆಕ್ಕತೊಡಗಿದರೆ ಚೌಕಟ್ಟಿನ ಅಗತ್ಯವೂ ಇಲ್ಲ, ಮೇಲಿನ ಗುಡ್ಡೆ ದೊಡ್ಡದಿದೆ ಎಂದೇ ತಿಳಿಯಿರಿ.

ತೇವ

ಬ್ಲೇಡು ಓಡುವ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ. ಮೇಲ್ಮಣ್ಣು ಬೇಡ, ಅದು ಬಿಸಿಲಿಗೆ ಒಣಗಿ ಮೋಸ ಮಾಡುತ್ತದೆ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೊಡನೆ ಒಡೆದರೆ ಯಂತ್ರ ಇಳಿಸಬಹುದು. ಉಂಡೆಯೇ ಕಟ್ಟದೆ ಪುಡಿಪುಡಿಯಾಗಿ ಜಾರಿದರೆ ಒಣಗಿದೆ. ಬೆರಳಿಗೆ ಅಂಟಿ, ಒತ್ತಿದರೆ ಪಟ್ಟಿಯಂತೆ ಚಪ್ಪಟೆಯಾದರೆ ಹಸಿ ಹೆಚ್ಚು.

ಮರಳು ಮಣ್ಣಿನಲ್ಲಿ ಒಣಗಿದ್ದರೂ ಕೆಲಸ ನಡೆಯುತ್ತದೆ, ಬ್ಲೇಡು ಮಾತ್ರ ಬೇಗ ಸವೆಯುತ್ತದೆ. ಅಂಟು ಮಣ್ಣು ಒಣಗಿದರೆ ಇಟ್ಟಿಗೆಯೇ. ಬ್ಲೇಡು ಹೊಗದೆ ಮೇಲೇಳುತ್ತದೆ, ಹೊಕ್ಕರೂ ಚಪ್ಪಡಿ ಚಪ್ಪಡಿಯಾಗಿ ಏಳುತ್ತದೆ, ಚಪ್ಪಡಿ ಒಡೆಯುವಾಗ ತೊಟ್ಟುಗಳೂ ಹರಿಯುತ್ತವೆ. ಇಂಥ ಗದ್ದೆಗೆ ಕೀಳುವ ಕೆಲವು ದಿನ ಮೊದಲು ಹಗುರವಾಗಿ ನೀರು ಕೊಟ್ಟು ಆರಲು ಬಿಡುವುದು ಯಾವ ಹೊಂದಾಣಿಕೆಗಿಂತಲೂ ಹೆಚ್ಚಿನ ಫಲ ಕೊಡುತ್ತದೆ. ತುಂತುರು ನೀರಾವರಿ ಇದ್ದರೆ ಇನ್ನೂ ಒಳ್ಳೆಯದು, ನೀರು ಎಲ್ಲ ಕಡೆ ಒಂದೇ ಸಮ ಇಳಿಯುತ್ತದೆ. ತೋಡಿನ ನೀರನ್ನು ತಿರುಗಿಸಿ ಹರಿಸಿದರೆ ತಗ್ಗಿನ ಮೂಲೆ ಕೆಸರಾಗಿ ಮೇಲಿನ ಅಂಚು ಒಣಗಿಯೇ ಇರುತ್ತದೆ. ಒಂದೇ ಗದ್ದೆಗೆ ಎರಡು ಹೊಂದಾಣಿಕೆ ಬೇಕಾಗುತ್ತದೆ.

ಆಳ, ಮತ್ತು ಗದ್ದೆಯ ಗಟ್ಟಿ ಪದರ

ನಮ್ಮಲ್ಲಿ ಬೆಳೆಯುವ ಗೊಂಚಲು ತಳಿಗಳ ಕಾಯಿಗಳು ಗಿಡದ ಬುಡದಲ್ಲಿ ಗುಂಪಾಗಿ, ಮೇಲಿನ ಆರೇಳು ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ನಾಲ್ಕಾರು ಗಿಡಗಳನ್ನು ಹಾರೆಯಿಂದ ಜೋಪಾನವಾಗಿ ಎತ್ತಿ, ಎಲ್ಲಕ್ಕಿಂತ ಕೆಳಗಿನ ಕಾಯಿ ಎಷ್ಟು ಆಳದಲ್ಲಿದೆ ನೋಡಿ. ಬ್ಲೇಡು ಅದಕ್ಕಿಂತ ಎರಡು ಮೂರು ಬೆರಳು ಕೆಳಗೆ ಓಡಬೇಕು. ಒಟ್ಟು ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಸಾಮಾನ್ಯವಾಗಿ ಸಾಕು. ‘ಆಳ ಹೋದಷ್ಟೂ ಒಳ್ಳೆಯದು’ ಎನ್ನುವವರ ಮಾತು ಕೇಳಬೇಡಿ. ಹೆಚ್ಚುವರಿ ಒಂದೊಂದು ಸೆಂಟಿಮೀಟರೂ ಚೈನಿನ ಮೇಲೆ ಮಣ್ಣಿನ ಹೊರೆ. ಡೀಸೆಲ್ಲೂ ಖರ್ಚು, ಗಿಡವೂ ಮಣ್ಣಿನೊಂದಿಗೆ ಹೂತು ಬರುತ್ತದೆ.

ಭತ್ತದ ಗದ್ದೆಗೆ ಇನ್ನೊಂದು ಗುಣವಿದೆ, ಹೊರಗಿನಿಂದ ಬಂದ ಚಾಲಕರಿಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ. ವರ್ಷ ವರ್ಷ ಮಳೆಗಾಲದಲ್ಲಿ ಕೆಸರು ಉಳುಮೆ ಮಾಡಿ ಮಾಡಿ, ಉಳುಮೆಯ ಆಳದ ಕೆಳಗೆ ಮಣ್ಣು ಒತ್ತಿ ಗಟ್ಟಿ ಪದರ ಕಟ್ಟಿರುತ್ತದೆ. ಭತ್ತಕ್ಕೆ ನೀರು ನಿಲ್ಲಲು ಅದು ಬೇಕು. ಆದರೆ ಬ್ಲೇಡಿನ ಮೂತಿ ಆ ಪದರಕ್ಕೆ ತಾಗಿದ ಕೂಡಲೇ ಯಂತ್ರ ಜಾರಿ ಮೇಲೇಳುತ್ತದೆ, ಮುಂದಿನ ಒಂದೆರಡು ಮೀಟರ್ ಕಾಯಿಯ ನಡುವೆಯೇ ಹಾದು ಮತ್ತೆ ಕೆಳಗಿಳಿಯುತ್ತದೆ. ಜಾಡಿನುದ್ದಕ್ಕೂ ಕತ್ತರಿಸಿದ ಕಾಯಿ ಅಲ್ಲಲ್ಲಿ ತಂಡ ತಂಡವಾಗಿ ಸಿಕ್ಕಿದರೆ ಇದೇ ಕಾರಣ. ಆಳ ಸಾಲದೆಂದು ಇನ್ನಷ್ಟು ಇಳಿಸಿದರೆ ರೋಗ ಉಲ್ಬಣಿಸುತ್ತದೆ. ಕಬ್ಬಿಣದ ಸರಳನ್ನು ಮಣ್ಣಿಗೆ ಚುಚ್ಚುತ್ತಾ ನಡೆದರೆ ಪದರ ಎಷ್ಟು ಆಳದಲ್ಲಿದೆ ಎಂದು ಕೈಗೇ ತಿಳಿಯುತ್ತದೆ. ಬ್ಲೇಡನ್ನು ಅದಕ್ಕಿಂತ ಒಂದು ಬೆರಳಾದರೂ ಮೇಲೆ ಓಡಿಸಿ. ಕಾಯಿಯ ತಳಕ್ಕೂ ಗಟ್ಟಿ ಪದರಕ್ಕೂ ನಡುವೆ ಸಿಗುವ ಆ ಸಣ್ಣ ಜಾಗದಲ್ಲೇ ಬೈಲುಗದ್ದೆಯ ಕೆಲಸ ಮುಗಿಯಬೇಕು.

ಯಂತ್ರ ಮೇಲೆ ಕೆಳಗೆ ಆಡಲು ಎರಡನೆಯ ಕಾರಣ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿವರ್. ನೇಗಿಲು ಹೂಡಿ ಬಂದವರು ಡ್ರಾಫ್ಟ್ ಲಿವರಿನಲ್ಲೇ ಬಿಟ್ಟಿರುತ್ತಾರೆ. ಆ ವ್ಯವಸ್ಥೆಯ ಧರ್ಮವೇ ಎಳೆತ ಹೆಚ್ಚಾದೊಡನೆ ಉಪಕರಣವನ್ನು ಎತ್ತುವುದು. ನೇಗಿಲಿಗೆ ಅದು ಉಪಕಾರ, ಇಲ್ಲಿ ಗಟ್ಟಿ ಮಣ್ಣು ಬಂದಲ್ಲೆಲ್ಲ ಕಾಯಿ ಕತ್ತರಿಸಿಕೊಂಡು ಹೋಗುವ ಏರ್ಪಾಡು. ಉಪಕರಣವನ್ನು ಇಟ್ಟ ಎತ್ತರದಲ್ಲೇ ಹಿಡಿದಿಡುವ ಪೊಸಿಷನ್ ಲಿವರಿಗೆ ಬದಲಿಸಿ, ಆಳವನ್ನು ಯಂತ್ರದ ಪಕ್ಕದ ಗಾಲಿಗಳು ಹಿಡಿಯುವಂತೆ ಮಾಡಿ.

ಮರಳಿನಲ್ಲಿ ಕತೆ ತಿರುಗಾಮುರುಗಾ. ಅಲ್ಲಿ ಗಾಲಿಗಳೇ ಹೂತು ಬ್ಲೇಡು ನೀವು ಇಟ್ಟದ್ದಕ್ಕಿಂತ ಕೆಳಗೆ ಹೋಗುತ್ತದೆ. ಗಟ್ಟಿ ಅಂಗಳದಲ್ಲಿ ನಿಲ್ಲಿಸಿ ಅಳೆದ ಆಳವನ್ನು ನಂಬಬೇಡಿ. ಓಡಿಸಿದ ಮೇಲೆ ಜಾಡಿನಲ್ಲಿ ಕೆದಕಿ ಅಳೆಯಿರಿ, ಗಾಲಿಯನ್ನು ಒಂದು ತೂತು ಕೆಳಗಿಳಿಸಿ ಮತ್ತೆ ನೋಡಿ.

ಎಡ ಬಲ ಸಮವಿದೆಯೇ ಎಂಬುದೂ ಇದೇ ಹೊತ್ತಿನಲ್ಲಿ ನೋಡಬೇಕಾದದ್ದು. ಜಾಡಿನ ಒಂದೇ ಬದಿಯಲ್ಲಿ ಕಾಯಿ ಉಳಿಯುತ್ತಿದ್ದರೆ ಬೇರೇನೂ ಹುಡುಕಬೇಡಿ, ಬಲಗಡೆಯ ಲಿಫ್ಟ್ ರಾಡನ್ನು ತಿರುಗಿಸಿ ಮಟ್ಟ ಮಾಡಿ.

ಬ್ಲೇಡಿನ ಓರೆ ಮತ್ತು ಹರಿತ

ಮೂರು ಕೊಂಡಿಗಳಲ್ಲಿ ಮೇಲಿನದಾದ ಟಾಪ್ ಲಿಂಕ್ ಗಿಡ್ಡ ಮಾಡಿದರೆ ಬ್ಲೇಡಿನ ಮೂತಿ ಕೆಳಗೆ ಬಾಗುತ್ತದೆ, ಉದ್ದ ಮಾಡಿದರೆ ಮಲಗುತ್ತದೆ. ಒಣಗಿದ ಗಟ್ಟಿ ಮಣ್ಣಿಗೆ ಸ್ವಲ್ಪ ಬಾಗಿಸಿದರೇನೇ ಹೊಗುವುದು. ಸಡಿಲ ಮರಳಿಗೆ ಮಲಗಿಸಿ. ಬಾಗಿಸಿಟ್ಟರೆ ಬ್ಲೇಡಿನ ಮುಂದೆ ಮಣ್ಣು ಅಲೆಯಂತೆ ಎದ್ದು ಗಿಡಗಳನ್ನು ತಳ್ಳಿಕೊಂಡು ಹೋಗುತ್ತದೆ. ಆ ಅಲೆ ಕಂಡರೆ ಟಾಪ್ ಲಿಂಕನ್ನು ಒಂದೆರಡು ಸುತ್ತು ಸಡಿಲಿಸಿ ನೋಡಿ. ಟಾಪ್ ಲಿಂಕ್ ಮುಟ್ಟಿದಾಗಲೆಲ್ಲ ಆಳವೂ ಬದಲಾಗುತ್ತದೆ ಎನ್ನುವುದು ನೆನಪಿರಲಿ, ಮತ್ತೆ ಅಳೆಯದೆ ಮುಂದುವರಿಯಬೇಡಿ.

ಹರಿತದ ವಿಷಯದಲ್ಲಿ ನಮ್ಮವರ ಉದಾಸೀನ ನನಗೆ ಅರ್ಥವಾಗುವುದಿಲ್ಲ. ಮನೆಯ ಮೆಟ್ಟುಕತ್ತಿ ಮೊಂಡಾದರೆ ಅದೇ ದಿನ ಮಸೆಯುತ್ತಾರೆ, ಯಂತ್ರದ ಬ್ಲೇಡನ್ನು ಇಡೀ ಹಂಗಾಮು ಮುಟ್ಟುವುದಿಲ್ಲ. ಮರಳು ಅದನ್ನು ನಯವಾಗಿ ತಿಂದು ದುಂಡಗೆ ಮಾಡುತ್ತದೆ, ಮುರಕಲ್ಲಿನ ಹರಳು ಹಲ್ಲು ಹಲ್ಲಾಗಿ ಕಚ್ಚುತ್ತದೆ. ಗಿಡ ಹೋದ ಮೇಲೆ ಮಣ್ಣಿನಲ್ಲಿ ಉಳಿದ ತಾಯಿಬೇರಿನ ತುದಿಯನ್ನು ನೋಡಿ. ಒಂದೇ ಏಟಿಗೆ ಕತ್ತರಿಸಿದಂತಿದ್ದರೆ ಸರಿ. ನಾರು ನಾರಾಗಿ ಹರಿದಿದ್ದರೆ, ಅಥವಾ ಬೇರು ಇಡಿಯಾಗಿ ಕಿತ್ತು ಬಂದಿದ್ದರೆ ಬ್ಲೇಡು ಬಿಚ್ಚಿ. ಗ್ರೈಂಡರ್ ಹಿಡಿಯುವಾಗ ಮೊದಲೇ ಇದ್ದ ಓರೆಯ ಬದಿಯಿಂದ ಮಾತ್ರ ಮಸೆಯಿರಿ, ಕಬ್ಬಿಣ ನೀಲಿಗಟ್ಟುವಷ್ಟು ಕಾಯಿಸಬೇಡಿ. ನೀಲಿಯಾದಲ್ಲಿ ಹದ ಹೋಗಿ ಬೇಗ ಸವೆಯುತ್ತದೆ.

ಓಟ ಮತ್ತು ಚೈನು

ಬಾಡಿಗೆ ಎಕರೆ ಲೆಕ್ಕದಲ್ಲಿದ್ದರೆ ಯಂತ್ರ ಓಡುತ್ತದೆ, ಗಂಟೆ ಲೆಕ್ಕದಲ್ಲಿದ್ದರೆ ತೆವಳುತ್ತದೆ. ಇದು ಮಣ್ಣಿಗೆ ಸಂಬಂಧಿಸಿದ ಹೊಂದಾಣಿಕೆಯಲ್ಲ. ಆದ್ದರಿಂದ ವೇಗವನ್ನು ನೀವೇ ಅಳೆಯಿರಿ. ಇಪ್ಪತ್ತು ಮೀಟರ್ ಗುರುತು ಹಾಕಿ ಮೊಬೈಲ್ ಹಿಡಿದು ನಿಲ್ಲಿ: 24 ಸೆಕೆಂಡ್ ಹಿಡಿದರೆ ಗಂಟೆಗೆ ಮೂರು ಕಿಲೋಮೀಟರ್, 36 ಸೆಕೆಂಡ್ ಆದರೆ ಎರಡು, 18 ಆದರೆ ನಾಲ್ಕು. ಮರಳು ಮಣ್ಣಿಗೆ ಮೂರರ ಆಸುಪಾಸಿನಿಂದ ಶುರು ಮಾಡಿ, ಅಂಟು ಮಣ್ಣಿಗೆ ಎರಡರಿಂದ. ನಾಲ್ಕು ದಾಟಿ ಓಡಿಸುವಂಥ ಗದ್ದೆ ಈ ಕಡೆ ನಾನು ನೋಡಿಲ್ಲ.

ಚೈನಿನ ವೇಗ ಟ್ರ್ಯಾಕ್ಟರಿನ ಓಟಕ್ಕಿಂತ ತುಸು ಹೆಚ್ಚಿರಬೇಕು. ಕಡಿಮೆಯಾದರೆ ಗಿಡಗಳು ಬ್ಲೇಡಿನ ಹಿಂದೆ, ಚೈನಿನ ಬಾಯಲ್ಲಿ ರಾಶಿ ಬಿದ್ದು ಕಟ್ಟಿಕೊಳ್ಳುತ್ತವೆ. ತೀರಾ ಹೆಚ್ಚಾದರೆ ಬೇರು ಸಡಿಲವಾಗುವ ಮೊದಲೇ ಚೈನು ಗಿಡವನ್ನು ಕಿತ್ತೆಳೆದು ಕಾಯಿ ಉದುರಿಸುತ್ತದೆ. ಇಲ್ಲಿ ಬಹಳ ಜನ ಎಡವುವ ವಿಷಯವೊಂದಿದೆ.

“ಡ್ರೈವರಣ್ಣ, ಸ್ವಲ್ಪ ನಿಧಾನ ಹೋಗಿ, ಕಾಯಿ ಎಲ್ಲ ಉದುರುತ್ತಿದೆ” ಎಂದು ಗದ್ದೆಯವರು ಅಂಚಿನಿಂದ ಕೂಗುತ್ತಾರೆ. ಅವನು ಥ್ರಾಟಲ್ ಇಳಿಸುತ್ತಾನೆ. ಐದು ನಿಮಿಷ ಬಿಟ್ಟು ನೋಡಿದರೆ ಕಾಯಿ ಉದುರುವುದು ನಿಂತಿಲ್ಲ, ಮೇಲಾಗಿ ಚೈನಿನಲ್ಲಿ ಮಣ್ಣೂ ಉದುರುತ್ತಿಲ್ಲ. “ನೋಡಿ ಭಟ್ಟರೇ, ನಿಧಾನ ಮಾಡಿದರೂ ಅಷ್ಟೇ, ನಿಮ್ಮ ಮಣ್ಣೇ ಹೀಗೆ” ಎಂದು ಅವನೂ ಗೆದ್ದವನಂತೆ ಹೇಳುತ್ತಾನೆ. ಆದದ್ದೇನು? ಓಟಕ್ಕೂ ಪಿಟಿಒಗೂ ಎಂಜಿನ್ ಒಂದೇ. ಥ್ರಾಟಲ್ ಇಳಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಅವುಗಳ ನಡುವಿನ ಅನುಪಾತ ಇದ್ದಲ್ಲೇ ಇರುತ್ತದೆ. ಅನುಪಾತ ಬದಲಾಗುವುದು ಗೇರಿನಲ್ಲಿ. ಪಿಟಿಒ ನಿಮಿಷಕ್ಕೆ 540 ಸುತ್ತು ಕೊಡುವ ಎಂಜಿನ್ ವೇಗವನ್ನು ಮೀಟರಿನಲ್ಲಿ ಗುರುತಿಸಿಟ್ಟುಕೊಂಡು ಥ್ರಾಟಲನ್ನು ಅಲ್ಲೇ ನಿಲ್ಲಿಸಿ, ಓಟವನ್ನು ಗೇರು ಬದಲಿಸಿ ಹೊಂದಿಸಿ. ಗಿಡ ಚೈನಿನ ಬಾಯಲ್ಲಿ ರಾಶಿ ಬೀಳುತ್ತಿದ್ದರೆ ಒಂದು ಗೇರು ಕೆಳಗೆ. ಚೈನು ಕಿತ್ತೆಳೆಯುತ್ತಿದ್ದರೆ ಒಂದು ಗೇರು ಮೇಲೆ, ಅದರಿಂದ ಓಟ ಹೆಚ್ಚಾಯಿತೆನಿಸಿದರೆ ಆಮೇಲೆ ಥ್ರಾಟಲ್ ಇಳಿಸಿ. ಕೆಲವು ಯಂತ್ರಗಳಲ್ಲಿ ಚೈನಿನ ಹಲ್ಲುಚಕ್ರವನ್ನೇ ಬದಲಿಸಬಹುದು. ಹಾಗಿದ್ದರೆ ಮರಳಿಗೊಂದು, ಅಂಟು ಮಣ್ಣಿಗೊಂದು ಇಟ್ಟುಕೊಳ್ಳುವುದು ಜಾಣತನ.

ಅಲುಗಾಟ ಎಷ್ಟು ಬೇಕು ಎನ್ನುವುದನ್ನು ಚೈನಿನ ಮೇಲಿನ ಮಣ್ಣೇ ಹೇಳುತ್ತದೆ. ಬದಿಯಲ್ಲಿ, ಯಂತ್ರದಿಂದ ದೂರ ನಿಂತು ನೋಡಿ. ಚೈನಿನ ಅರ್ಧ ದಾರಿಯವರೆಗೆ ಮಣ್ಣು ಗಿಡದೊಂದಿಗೆ ಬಂದು, ಆಮೇಲೆ ಉದುರಿ, ತುದಿಯಲ್ಲಿ ಗಿಡ ಮಾತ್ರ ಬೀಳಬೇಕು. ಮರಳಿನಲ್ಲಿ ಮಣ್ಣು ಆರಂಭದಲ್ಲೇ ಜಾರಿಹೋಗಿ, ಉಳಿದ ದಾರಿಯುದ್ದಕ್ಕೂ ಬರೀ ಸರಳು ಕಾಯಿಗೆ ಬಡಿಯುತ್ತದೆ. ಮೇಲಿನ ಗುಡ್ಡೆ ಅಲ್ಲಿ ದೊಡ್ಡದಾಗುವುದು ಇದರಿಂದಲೇ. ಚೈನಿನ ಕೆಳಗಿನ ಅಲುಗಿಸುವ ಉರುಳೆಯನ್ನು ಇಳಿಸಿ ಅಥವಾ ಬಿಚ್ಚಿಡಿ. ಬೈಲುಗದ್ದೆಯಲ್ಲಿ ಹೆಂಟೆ ತುದಿಯವರೆಗೂ ಒಡೆಯದೆ ಬಂದರೆ ಉರುಳೆಯನ್ನು ಏರಿಸಿ. ಅದಕ್ಕೂ ಮೊದಲು ಆಳ ಒಂದು ಸೆಂಟಿಮೀಟರ್ ಕಡಿಮೆ ಮಾಡಿ ಗೇರು ಇಳಿಸಿ ನೋಡಿ. ಬಡಿದು ಒಡೆಯುವುದಕ್ಕಿಂತ ಕಡಿಮೆ ಹೆಂಟೆ ಎತ್ತುವುದು ಲೇಸು.

ಸರಳಿಗೆ ಸುತ್ತಿಕೊಳ್ಳುವುದು, ಬೋಲ್ಟು ತುಂಡಾಗುವುದು

ಭತ್ತದ ಕೂಳೆ, ಉದ್ದ ಕಳೆ, ಗಾಳಿಗೆ ಬಿದ್ದ ತೆಂಗಿನ ಗರಿ ಇವು ಶಾಫ್ಟಿಗೆ ಸುತ್ತಿಕೊಳ್ಳುತ್ತವೆ. ಕಳೆಯನ್ನು ಮೊದಲೇ ಕಿತ್ತಿರಿ, ಗರಿಗಳನ್ನು ಹೆಕ್ಕಿ ಹೊರಗೆ ಹಾಕಿರಿ. ಸುತ್ತಿಕೊಂಡದ್ದನ್ನು ಬಿಡಿಸುವಾಗ ಪಿಟಿಒ ಕಳಚಿದರೆ ಸಾಲದು, ಎಂಜಿನ್ ಆಫ್ ಮಾಡಿ ಕೀಲಿ ಕಿಸೆಗೆ ಹಾಕಿಕೊಳ್ಳಿ. ತಿರುಗುವ ಶಾಫ್ಟಿನ ಹತ್ತಿರ ಲುಂಗಿ, ಪಂಚೆ, ಬೈರಾಸು ಬೇಡವೇ ಬೇಡ.

ಮುರಕಲ್ಲಿನ ತುಂಡು ಸರಳುಗಳ ನಡುವೆ ಸಿಕ್ಕಿದರೆ ಶಿಯರ್ ಬೋಲ್ಟ್ ತುಂಡಾಗುತ್ತದೆ. ತುಂಡಾಗುವುದೇ ಅದರ ಕೆಲಸ. ‘ಮತ್ತೆ ಮತ್ತೆ ಹೋಗುತ್ತದೆ’ ಎಂದು ಗಟ್ಟಿ ಬೋಲ್ಟು ಹಾಕಿದವರು ಮುಂದಿನ ಕಲ್ಲಿಗೆ ಗೇರ್‌ಬಾಕ್ಸ್ ಒಡೆದುಕೊಳ್ಳುತ್ತಾರೆ. ಅದೇ ದರ್ಜೆಯ ನಾಲ್ಕು ಬೋಲ್ಟು ಡಬ್ಬಿಯಲ್ಲಿರಲಿ.

ಯಂತ್ರವನ್ನು ದೂರಬಾರದ ಸಂದರ್ಭ

ಕೀಳುವ ಹದ ತಿಳಿಯಲು ಕಾಯಿ ಒಡೆದು ಸಿಪ್ಪೆಯ ಒಳಮೈ ನೋಡಿ. ನಾಲ್ಕರಲ್ಲಿ ಮೂರು ಕಾಯಿಯ ಒಳಮೈ ಕಂದುಗಪ್ಪಾಗಿದ್ದರೆ ಹೊತ್ತಾಯಿತು. ಅದನ್ನು ದಾಟಿ ಬಿಟ್ಟರೆ ತೊಟ್ಟು ದಿನದಿನಕ್ಕೆ ದುರ್ಬಲವಾಗುತ್ತದೆ, ಎಲೆಚುಕ್ಕೆ ಬಿದ್ದು ಎಲೆ ಉದುರಿದ ಗದ್ದೆಯಲ್ಲಿ ಇನ್ನೂ ಬೇಗ. ಅಂಥ ಬೆಳೆಯನ್ನು ಕೈಯಲ್ಲಿ ಕಿತ್ತರೂ ಕಾಯಿ ಉಳಿಯುತ್ತದೆ. ಹೋಲಿಕೆಗೆಂದು ಯಂತ್ರ ಹೋಗುವ ಮೊದಲು ಒಂದು ಚೌಕ ಮೀಟರಿನ ಗಿಡಗಳನ್ನು ಕೈಯಲ್ಲೇ ಕಿತ್ತು, ಮಣ್ಣು ಕೆದಕಿ ಎಣಿಸಿಡಿ. ಯಂತ್ರದ ಲೆಕ್ಕದಿಂದ ಇದನ್ನು ಕಳೆದರೆ ಯಂತ್ರದ ಪಾಲಿನ ತಪ್ಪು ಸಿಗುತ್ತದೆ. ಬಾಡಿಗೆಯ ಜಗಳಕ್ಕೂ ಇದೇ ಒಳ್ಳೆಯ ಸಾಕ್ಷಿ.

ಎಲ್ಲವನ್ನೂ ಒಟ್ಟಿಗೆ ತಿರುಗಿಸುವುದು ಕೆಟ್ಟ ಚಾಳಿ. ತೇವ, ಆಳ, ಓರೆ, ಗೇರು, ಅಲುಗಾಟ ಈ ಕ್ರಮದಲ್ಲಿ ಒಮ್ಮೆಗೆ ಒಂದನ್ನೇ ಬದಲಿಸಿ, ಇಪ್ಪತ್ತು ಮೀಟರ್ ಓಡಿಸಿ, ಮತ್ತೆ ಚೌಕಟ್ಟು ಇಡಿ. ಸರಿಹೋದ ಮೇಲೆ ಗಾಲಿ ಯಾವ ತೂತಿನಲ್ಲಿದೆ, ಟಾಪ್ ಲಿಂಕಿನಲ್ಲಿ ಎಷ್ಟು ಎಳೆ ಕಾಣುತ್ತಿದೆ, ಗೇರು ಯಾವುದು ಎಂದು ಗದ್ದೆಯ ಹೆಸರಿನೊಂದಿಗೆ ಬರೆದಿಡಿ. ಮುಂದಿನ ವರ್ಷ ಬೇರೆ ಚಾಲಕ ಬಂದರೂ ಚೀಟಿ ತೋರಿಸಬಹುದು.

ಕೊನೆಗೆ ಮಳೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗಿ ಸುರಿದರೆ ಮರಳುಗದ್ದೆಯವರು ಒಂದೆರಡು ದಿನ ಬಿಟ್ಟು ಮುಂದುವರಿಸಬಹುದು. ಬೈಲಿನಲ್ಲಿ ಮಣ್ಣು ಉಂಡೆ ಒಡೆಯುವ ಹದಕ್ಕೆ ಬರಲು ವಾರವೂ ಬೇಕಾದೀತು, ಆದರೆ ಟಿಎಂವಿ-2ರಂಥ ತಳಿ ಬಲಿತಿದ್ದರೆ ಅಷ್ಟು ದಿನ ಕಾಯುವುದಿಲ್ಲ. ಅದರ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ, ತೇವ ಸಿಕ್ಕಿದರೆ ಮಣ್ಣಿನೊಳಗೇ ಮೊಳೆಯುತ್ತದೆ. ಅಂಥ ಗದ್ದೆಗೆ ಚೈನಿನ ಯಂತ್ರ ಇಳಿಸಿದರೆ ಸರಳುಗಳ ಸಂದಿಯೆಲ್ಲ ಕೆಸರು ತುಂಬಿ ಕಾಯಿ ಕಾಣದಂತಾಗುತ್ತದೆ. ಟ್ರ್ಯಾಕ್ಟರ್ ಹೂಳದಷ್ಟು ಗಟ್ಟಿಯಿದ್ದರೆ ಬರೀ ಬ್ಲೇಡಿನ ಯಂತ್ರದಿಂದ ಬೇರು ಕತ್ತರಿಸಿ ಸಡಿಲಿಸಿ, ಕೈಯಲ್ಲಿ ಎತ್ತಿಸಿ ಅಂಚಿನ ಮೇಲೆ ಕಾಯಿ ಮೇಲಾಗಿ ಹರವಿ. ಹೂಳುವಂತಿದ್ದರೆ ಆಳುಗಳನ್ನೇ ಕರೆಯಿರಿ, ಮೊದಲು ತಗ್ಗಿನ ಮೂಲೆಯಿಂದ ಕೀಳಿಸಿ.